ನಡುಬಾವಿಯಲ್ಲಿ ನಿಂತ ಪಂಜರ

ಫೆಬ್ರವರಿ ೩, ಸೋಮವಾರ

ತಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಅವನ ಮನೆಗೆ. ನನ್ನ ಸೂಟ್‌ಕೇಸು ಹಾಲಿನ ಮೂಲೆಯಲ್ಲಿ ಇನ್ನೂ ಬಿಚ್ಚದೆ ನಿಂತಿದೆ. ಈ ಹಾಲಿನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದೇ ದೊಡ್ಡದು. ಒಂಟಿ ಮನುಷ್ಯನಿಗೆ ಆರು ಕುರ್ಚಿಯ ಈ ಗುಂಡುಮೇಜು ಯಾಕೆ ಬೇಕಿತ್ತೋ!

ಮೂರನೆಯ ಮಹಡಿಗೆ ಲಿಫ್ಟಿನಲ್ಲಿ ಬರುವಾಗ ಅವನು ಎಡಗೈಯನ್ನು ಲಿಫ್ಟಿನ ಗೋಡೆಗೆ ಒತ್ತಿ ಕಣ್ಣು ಮುಚ್ಚಿದ. ತಲೆ ಸುತ್ತು ಬಂತೇನೋ ಎಂದು ಜೀವ ಹಾರಿಹೋಯಿತು. ಆಮೇಲೆ ಹೊಳೆಯಿತು. ಊರಿನ ಲಿಫ್ಟುಗಳನ್ನೆಲ್ಲ ತಪಾಸಣೆ ಮಾಡಿ ಸಹಿ ಹಾಕುವುದು ಅವನ ಕೆಲಸ. ಯಂತ್ರದ ಸದ್ದು ಕೇಳುತ್ತಿದ್ದಾನೆ. ಬಾಗಿಲು ತೆರೆದಾಗ ನನ್ನ ಕಡೆ ತಿರುಗಿ ಬಾಯಿ ತೆರೆದ. "ಮನೆಗೆ ಬಂದಿದ್ದು ಖುಷಿಯಾಯ್ತು ಅಲ್ವೇನೋ ಪುಟ್ಟ?" ಎಂದೆ. ಬಾಯಿ ಮುಚ್ಚಿದ. ಖುಷಿಯಾಗಿದೆ ಅವನಿಗೆ.

ನಲವತ್ತಮೂರು ವರ್ಷಕ್ಕೆ ಪಾರ್ಶ್ವವಾಯು. ಬಲಗೈ, ಬಲಗಾಲು ಸೋತಿವೆ. ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾನೆ. ಬುದ್ಧಿ ನೆಟ್ಟಗಿದೆ, ನಾವು ಆಡಿದ್ದೆಲ್ಲ ಅರ್ಥವಾಗುತ್ತದೆ, ಅವನ ಮಾತು ಹೊರಗೆ ಬರುವ ದಾರಿ ಮಾತ್ರ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಸದ್ಯಕ್ಕೆ ಅವನ ಬಳಿ ಇರುವುದು ಮೂರು ಮಾತು: ಹೂಂ, ಇಲ್ಲ, ಅದು. ಹೆಚ್ಚಾಗಿ 'ಅದು'. ಉಳಿದದ್ದನ್ನು ನಾನು ತುಂಬಿಕೊಡುತ್ತೇನೆ. ಮುದ್ರಣಾಲಯದಲ್ಲಿ ಇಷ್ಟು ವರ್ಷ ಕರಡು ತಿದ್ದಿದವಳಿಗೆ, ಬಿಟ್ಟುಹೋದ ಪದ ಯಾವುದೆಂದು ಹಿಂದಿನ ಮುಂದಿನ ಸಾಲು ನೋಡಿ ಹೇಳುವುದು ಕಷ್ಟವೇನಲ್ಲ. ಬೆಳಿಗ್ಗೆ 'ಅದು' ಅಂದರೆ ಚಹಾ. ಮಧ್ಯಾಹ್ನವಾದರೆ ಕಿಟಕಿಯ ಪರದೆ. ಸಂಜೆಯಾದರೆ ಟೀವಿ.

ಫೆಬ್ರವರಿ ೯, ಭಾನುವಾರ

ಸಂಜೆ ಬೆಲ್ಲಾಯಿತು. ಬಾಗಿಲಲ್ಲಿ ಮೂವರು. ಬೆಳ್ಳಿಗೂದಲ ಹೆಂಗಸೊಬ್ಬರು, ಬಾಗಿಲು ತುಂಬುವಷ್ಟು ಎತ್ತರದ ಮೀಸೆಯ ಗಂಡಸು, ಅವನ ಹಿಂದೆ ಕನ್ನಡಕದ ಸಣ್ಣ ಆಳು. ಮೀಸೆಯವನ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ.

"ನಾವು ಭಾನುವಾರದವರು, ಅಕ್ಕ. ಮೇಸ್ತ್ರಿ ಹೇಗಿದಾರೆ?"

"ಯಾವ ಮೇಸ್ತ್ರಿ? ಇಲ್ಲಿ ಯಾರೂ ಮೇಸ್ತ್ರಿ ಇಲ್ಲಪ್ಪ."

"ನಿಮ್ಮ ತಮ್ಮನೇ ಅಕ್ಕ! ನಾವು ಹಂಗೇ ಕರಿಯೋದು."

ಇವರು ಅವನ ಆಟದ ಗೆಳೆಯರು. ಭಾನುವಾರ ಏನೋ ಆಡುತ್ತಾನೆ ಎಂದು ಗೊತ್ತಿತ್ತು, ಇಸ್ಪೀಟಿರಬೇಕು ಎಂದುಕೊಂಡಿದ್ದೆ. ಹೆಂಗಸು ಹಲ್ಲಿನ ಡಾಕ್ಟರು. ಮೀಸೆಯವನು ಸಿಟಿ ಬಸ್ಸಿನ ಡ್ರೈವರು. ಕನ್ನಡಕದವರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು.

"ದಯವಿಟ್ಟು ತಪ್ಪು ತಿಳ್ಕೋಬೇಡಿ. ಅವನಿಗೆ ಈಗ ಯಾರನ್ನೂ ನೋಡೋ ಮನಸ್ಸಿಲ್ಲ," ಎಂದೆ.

"ಅವನೇ ಹೇಳಿದ್ನಾ?" ಎಂದರು ಹಲ್ಲಿನ ಡಾಕ್ಟರು. ಬಾಯಿ ತೆರೆಸಿ ನೋಡುವವರ ಮಾತಿನ ಧಾಟಿಯೇ ಅದು.

"ಹೇಳೋಕೆ ಎಲ್ಲಿ ಬರುತ್ತೆ ಪಾಪ? ನನಗೆ ಗೊತ್ತಾಗುತ್ತಲ್ಲ."

ಅವರು ನನ್ನ ಭುಜದ ಮೇಲಿಂದ ಒಳಗೆ, ಮೇಜಿನ ಕಡೆ, ನೋಡಿದರು. ಡ್ರೈವರು ಬಿಸ್ಕತ್ತು ನನ್ನ ಕೈಗಿಟ್ಟ. "ನಾವಿನ್ನೂ ಅಲ್ಲೇ ನೇತಾಡ್ತಾ ಇದೀವಿ ಅಂತ ಹೇಳಿ ಅಕ್ಕ. ಅಷ್ಟೇ ಸಾಕು."

ಮೆಟ್ಟಿಲಲ್ಲಿ ಅವರ ಗುಸುಗುಸು ಕೇಳಿಸಿತು. ಮೇಷ್ಟ್ರ ದನಿ: "ಮೇ ತಿಂಗಳವರೆಗೂ ನೋಡೋಣ. ಆಮೇಲೆ ನಮ್ಮಲ್ಲೇ ಯಾರಾದ್ರೂ ಕಥೆ ಮುಗಿಸ್ಬೇಕಾಗುತ್ತೆ." "ಬೇರೆಯವರ ಕೈಲಿ ನಾನು ಸಾಯಲ್ಲ," ಎಂದ ಡ್ರೈವರು. ಏನು ಜನವೋ!

ಹಾಲಿಗೆ ಬಂದರೆ ತಮ್ಮ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದ. "ಅದು, ಅದು," ಎಂದ. ಬಿಸ್ಕತ್ತು ಕೊಟ್ಟೆ.

ಫೆಬ್ರವರಿ ೧೨, ಬುಧವಾರ

ಓದಿ ಹೇಳುತ್ತಿದ್ದೇನೆ. ನನಗೆ ಪ್ರಿಯವಾದ ಪದ್ಯಗಳು, ಎಂ.ಎ. ಓದುವಾಗ ಬಾಯಿಪಾಠ ಮಾಡಿದವೂ ಇವೆ. ಲಯ ಮಾತಿಗೆ ದಾರಿ ಮಾಡಿಕೊಡುತ್ತದೆ ಎಂದು ನನ್ನ ನಂಬಿಕೆ. ಕಣ್ಣು ಮುಚ್ಚಿ ಕೇಳುತ್ತಾನೆ. ಎಷ್ಟು ನೆಮ್ಮದಿ ಆ ಮುಖದಲ್ಲಿ!

ಫೆಬ್ರವರಿ ೧೯, ಬುಧವಾರ

ಮಾತಿನ ಚಿಕಿತ್ಸೆಗೆ ಬರುವ ಹುಡುಗಿ ಚುರುಕು. ಚಿತ್ರದ ಕಾರ್ಡು ತೋರಿಸುತ್ತಾಳೆ, ಅವನು ಹೆಸರು ಹೇಳಬೇಕು. ಇವತ್ತು ಬಾಚಣಿಗೆ ಬಂತು. ಅವನು "ಬಾ... ಬಾ..." ಎಂದು ಒದ್ದಾಡುತ್ತಿದ್ದ. ನೋಡಲಾಗಲಿಲ್ಲ. "ಬಾಚಣಿಗೆ" ಎಂದುಬಿಟ್ಟೆ.

"ಮೇಡಂ, ನಿಮಗೆ ನೂರಕ್ಕೆ ನೂರು," ಎಂದಳು ಹುಡುಗಿ. "ನೀವು ಪಾಸು. ಇನ್ಮೇಲೆ ಅಡುಗೆಮನೇಲಿ ಇರ್ತೀರಾ?"

ಹೊರಡುವಾಗ ಬಾಗಿಲ ಬಳಿ ಮತ್ತೆ ಹೇಳಿದಳು, ಅವರಿಗೆ ಕಾಯೋರು ಬೇಕು ಮೇಡಂ ಅಂತ. ಕಾಯದೆ ಇನ್ನೇನು ಮಾಡುತ್ತಿದ್ದೇನೆ? ಕೆಲಸ ಬಿಟ್ಟು, ಮನೆ ಬಿಟ್ಟು ಬಂದು ಹಗಲೂ ರಾತ್ರಿ ಕಾಯುತ್ತಿರುವವಳು ನಾನೇ.

ಫೆಬ್ರವರಿ ೨೧, ಶುಕ್ರವಾರ

ಹೊಸ ಮಾತು! ಬೇಗ ಬರೆದಿಡಬೇಕು.

ಸಂಜೆ ಟೀವಿಯ ಚಾನೆಲ್ಲು ಬದಲಿಸುತ್ತಾ ಹೋದೆ. ಒಂದರಲ್ಲಿ ಐದಾರು ಜನ ನಟನಟಿಯರು ಮೇಜಿನ ಸುತ್ತ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದರು. ಒಬ್ಬಳು ರಾಣಿಯಂತೆ, ಒಬ್ಬ ಕಳ್ಳನಂತೆ ದನಿ ಬದಲಿಸಿ ಮಾತಾಡುತ್ತಿದ್ದರು. ನಡುವೆ ದಾಳ ಉರುಳಿಸುತ್ತಾರೆ, ಕ್ಯಾಮೆರಾ ದಾಳದ ಹಿಂದೆಯೇ ಓಡುತ್ತದೆ, ಢಣಢಣ ಸಂಗೀತ. ತಮ್ಮ ಮುಂದಕ್ಕೆ ಬಾಗಿದ. ಅವನ ಭಾನುವಾರದ ಆಟ ಇದೇ ಇರಬೇಕು ಎಂದು ಆಗ ಹೊಳೆಯಿತು. ಇದನ್ನು ದುಡ್ಡು ಕೊಟ್ಟು ಟೀವಿಯಲ್ಲಿ ಬೇರೆ ತೋರಿಸುತ್ತಾರೆ!

ಕಥೆ ನಡೆಸುವವನು ಆ ರಾಣಿಯ ಕಡೆ ಬೆರಳು ತೋರಿಸಿ, "ಬಾಗಿಲು ತೆರೆಯಿತು. ನಿನ್ನ ಎದೆ ನಡುಗುತ್ತಿದೆ. ಇಷ್ಟು ಭಯ ನೀನು ಎಂದೂ ಪಟ್ಟಿಲ್ಲ," ಎಂದ ಗಡಸು ದನಿಯಲ್ಲಿ. ಅವಳು ಎದೆ ಹಿಡಿದುಕೊಂಡಳು. ದಾಳ ಉರುಳಿತು.

"ಸುಳ್ಳು!"

ನನ್ನ ತಮ್ಮ. ಸ್ಪಷ್ಟವಾಗಿ. ಎಡಗೈಯಲ್ಲಿದ್ದ ರಿಮೋಟು ಸೋಫಾದ ಮೇಲೆ ಎಸೆದ. "ಸುಳ್ಳು! ಸುಳ್ಳು!"

ಕುಣಿದುಬಿಟ್ಟೆ. ಚಿಕಿತ್ಸೆಯ ಹುಡುಗಿಗೆ ಫೋನು ಮಾಡಿದೆ. ಸಿಟ್ಟಿನಲ್ಲಿ ಮಾತು ಕೆಲವೊಮ್ಮೆ ತಾನಾಗಿ ಜಿಗಿಯುತ್ತದಂತೆ. ಅವನು ಹೇಳಿದ್ದು ಸರಿಯೇ, ದಾಳ ಪ್ರತಿ ಸಲ ಬೇಕಾದ ಹಾಗೆ ಬೀಳುವುದುಂಟೇ? ಬೇಡದ ಗರವನ್ನು ಕತ್ತರಿಸಿ ಎಸೆದಿರುತ್ತಾರೆ. "ದಾಳದ ವಿಷಯ ತಾನೇ? ನೀನು ಹೇಳೋದು ನಿಜ ಕಣೋ," ಎಂದೆ. ಅವನು ನನ್ನನ್ನೇ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿದ. ಪಾಪ, ಸುಸ್ತಾಗಿತ್ತು.

ಮಾರ್ಚ್ ೪, ಮಂಗಳವಾರ

ಔಷಧಿ ತರಲು ಬಸ್ಸು ಹತ್ತಿದರೆ ಸ್ಟಿಯರಿಂಗಿನ ಮುಂದೆ ಮೀಸೆಯ ಡ್ರೈವರು. ಕೊನೆಯ ಸ್ಟಾಪಿನಲ್ಲಿ ಎಂಜಿನ್ ಆರಿಸಿ ಫ್ಲಾಸ್ಕಿನಿಂದ ನನಗೂ ಒಂದು ಮುಚ್ಚಳ ಚಹಾ ಬಗ್ಗಿಸಿದ. ಆಟ ಎಂದರೆ ಏನಪ್ಪ ಎಂದು ಕೇಳಿದೆ. ಖಾಲಿ ಬಸ್ಸಿನಲ್ಲಿ ಅವನು ಹೇಳಿದ್ದು:

"ಮೇಸ್ತ್ರಿ ಒಂದು ಪಟ್ಟಣ ಕಟ್ಟಿದಾರೆ ಅಕ್ಕ. ಮೇಲಕ್ಕಲ್ಲ, ಕೆಳಕ್ಕೆ. ದೊಡ್ಡ ಬಾವಿ ತರ. ಗೋಡೆ ಸುತ್ತ ಮನೆ, ಅಂಗಡಿ, ಜೈಲು. ಕೆಳಕ್ಕೆ ಹೋದಷ್ಟೂ ಹಳೇ ಕಾಲ. ಹಗ್ಗಕ್ಕೆ ಕಟ್ಟಿದ ಪಂಜರದಲ್ಲಿ ಇಳೀಬೇಕು. ಡಾಕ್ಟ್ರಮ್ಮ ಅದ್ರಲ್ಲಿ ಕಳ್ಳಿ. ಮೇಷ್ಟ್ರು ಕತ್ತಿ ಹಿಡಿಯೋ ಪೈಲ್ವಾನ, ಹತ್ತರ ಮೇಲೆ ಎಣಿಸೋಕೆ ಬರಲ್ಲ ಅವನಿಗೆ."

"ನೀನು?"

ಅವನು ಮೀಸೆ ಒರೆಸಿಕೊಂಡ. "ನಾನು ಒಬ್ಬಳು ಅಜ್ಜಿ. ಗಿಡಮೂಲಿಕೆ ಕೊಡೋಳು. ಮಗಳನ್ನ ಹುಡುಕ್ತಾ ಕೆಳಕ್ಕೆ ಹೋಗ್ತಾ ಇದೀನಿ." ನಗಬೇಕೆನಿಸಲಿಲ್ಲ. ಅವನ ದನಿಯೇ ಹಾಗಿತ್ತು. "ಮೇಸ್ತ್ರಿ ಏನಾಗ್ತಾ ಇದೆ ಅಂತ ಹೇಳ್ತಾರೆ, ಆಮೇಲೆ ಏನ್ ಮಾಡ್ತೀರಿ ಅಂತ ಕೇಳ್ತಾರೆ. ನಾವು ನಮ್ಮ ನಮ್ಮದು ಹೇಳ್ತೀವಿ. ಆಗುತ್ತೋ ಇಲ್ವೋ ಅನುಮಾನ ಇದ್ರೆ ದಾಳ. ಅಷ್ಟೇ ಆಟ. ಗೆಲ್ಲೋದು ಸೋಲೋದು ಇಲ್ಲ. ಕೊನೇ ಭಾನುವಾರ ಪಂಜರ ನಡುಬಾವೀಲಿ ಗಕ್ಕಂತ ನಿಂತ್ಬಿಡ್ತು. ದೀಪ ಆರಿಹೋಯ್ತು. 'ಮುಂದಿನ ವಾರ' ಅಂದ್ರು ಮೇಸ್ತ್ರಿ. ಮಂಗಳವಾರ ಹಿಂಗಾಯ್ತು."

"ಅದಕ್ಕೇನಾ ನೇತಾಡ್ತಾ ಇದೀವಿ ಅಂದಿದ್ದು?"

"ಮತ್ತೆ? ಕತ್ತಲಲ್ಲಿ ಮೂರೂ ಜನ. ಡಾಕ್ಟ್ರಮ್ಮ ಅಂತೂ, ಬಾಯಿ ತೆರೆದು ಕೂತ ರೋಗಿ ಮುಂದೇನೂ ಪಂಜರದ ಯೋಚನೆ ಬರುತ್ತೆ ಅಂತಾರೆ."

ಮಾರ್ಚ್ ೬, ಗುರುವಾರ

ಪದ್ಯ ಓದುತ್ತಿದ್ದೆ. ಎರಡನೆಯ ಪುಟ ತಿರುವುವಾಗ ಅವನೆಂದ: "ಬೇಡ."

ಹೊಸ ಮಾತು. ಖುಷಿಪಡಬೇಕು. ಪುಸ್ತಕ ಸೂಟ್‌ಕೇಸಿಗೆ ಹಾಕಿದೆ.

ಮಾರ್ಚ್ ೧೬, ಭಾನುವಾರ

ಬೆಳಿಗ್ಗೆ ನೋಡಿದರೆ ಅವನು ಮೇಜಿನ ಕೆಳಗಿನ ಡ್ರಾಯರು ಎಳೆದು ದಾಳಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡಿದ್ದ. ನಾಲ್ಕು ಮುಖದವು, ಎಂಟು ಮುಖದವು, ಇಪ್ಪತ್ತು ಮುಖದವು. ಕೆಂಪು, ಹೊಗೆಬಣ್ಣ, ಒಂದು ಜೇನಿನಂತೆ ಪಾರದರ್ಶಕ. "ಅದು," ಎಂದ. ಧೂಳು ಹಿಡಿದಿತ್ತು, ನಿಜ. ಸೋಪಿನ ನೀರಲ್ಲಿ ತೊಳೆದು, ಒರೆಸಿ, ಬಣ್ಣದ ಪ್ರಕಾರ ಡಬ್ಬಿಗೆ ಹಾಕಿ ಡ್ರಾಯರಿಗಿಟ್ಟೆ. ಸ್ನಾನ ಮುಗಿಸಿ ಬಂದರೆ ಮತ್ತೆ ಸುರಿದುಕೊಂಡಿದ್ದಾನೆ.

"ಯಾಕೋ, ಇನ್ನೂ ಕೊಳೆ ಇದೆಯಾ?"

ಅವನು ಎಡಗೈಯಿಂದ ಒಂದೊಂದೇ ದಾಳವನ್ನು ತಳ್ಳಿ, ಮೂರು ಕುರ್ಚಿಗಳ ಮುಂದೆ ಒಂದೊಂದು ಗುಂಪು ಮಾಡಿದ. ಆಗ ಡ್ರೈವರು ಅಂದದ್ದು ನೆನಪಾಗಿ, ಇದ್ದದ್ದು ಇದ್ದ ಹಾಗೆ ಹೇಳಿದೆ. "ಅವರಿನ್ನೂ ನೇತಾಡ್ತಾ ಇದಾರಂತೆ ಕಣೋ. ನಿನಗೆ ಹೇಳು ಅಂದಿದ್ರು, ಮರ್ತೇಬಿಟ್ಟಿದ್ದೆ."

ತಮ್ಮ ನಕ್ಕ. ಬಾಯಿ ಒಂದು ಕಡೆ ಮಾತ್ರ ಏಳುತ್ತದೆ, ಆದರೆ ಹೊಟ್ಟೆ ಅಲುಗಾಡುವಷ್ಟು ನಕ್ಕ. ಕಣ್ಣಲ್ಲಿ ನೀರು ಬಂತು. ಖಾಲಿ ಕುರ್ಚಿಗಳಿಗೆ ಕೈ ತೋರಿಸಿ, "ಬಾ," ಎಂದ. "ಬಾ, ಬಾ."

ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ. "ಬರಬೇಕಂತೆ," ಎಂದೆ. "ಯಾರು ಹೇಳಿದ್ದು?" ಎಂದರು ಮತ್ತೆ. ಈ ಹೆಂಗಸಿಗೆ ಇದೊಂದು ಚಟ. "ಅವನೇ!" ಎಂದೆ.

ಮಾರ್ಚ್ ೨೩, ಭಾನುವಾರ

ಕೆಟ್ಟ ಸಂಜೆ. ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಮೂವರೂ ಬಂದರು. ಮೊದಲು ಎಲ್ಲ ಚೆನ್ನಾಗಿತ್ತು. "ಏನ್ ಮೇಸ್ತ್ರಿ, ನಮ್ಮನ್ನ ಬಾವೀಲಿ ಬಿಟ್ಟು ಆಸ್ಪತ್ರೇಲಿ ಆರಾಮಾಗಿ ಮಲ್ಗಿದ್ರಾ?" ಎಂದು ಡ್ರೈವರು ಅವನ ಸೋತ ಕೈಯನ್ನೇ ಹಿಡಿದು ಕುಲುಕಿದ. ತಮ್ಮನ ಮುಖ ಅರಳಿತು. ಅವನ ಪಕ್ಕದಲ್ಲಿ ನಾನು ಕೂತೆ. ಅವನಿಗೆ ಮಾತಿಲ್ಲ, ನನಗಿದೆ. ಅವನು ಒಂದು ಪದ ಕೊಟ್ಟರೆ ನಾನು ವಾಕ್ಯ ಮಾಡುತ್ತೇನೆ ಎಂದು ಮೊದಲೇ ಹೇಳಿದ್ದೆ. ಯಾರೂ ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.

"ಪಂಜರ ನಿಂತಿದೆ. ಕತ್ತಲು," ಎಂದು ಮೇಷ್ಟ್ರು ಹಿಂದಿನ ಕಥೆ ನೆನಪಿಸಿದರು. "ಹಗ್ಗಕ್ಕೆ ಏನಾಗಿದೆ ಮೇಸ್ತ್ರಿ? ಮೇಲೆ ನೋಡ್ತಾ ಇದೀನಿ."

ತಮ್ಮ ಉಸಿರೆಳೆದುಕೊಂಡ. "ಹಗ್ಗ..." ಎಂದ. ಕೊರಳ ನರ ಉಬ್ಬಿತು. "ಹಗ್ಗ... ಹ... ಹ..."

"ಹಗ್ಗ ಹರಿಯಿತು!" ಎಂದೆ ನಾನು. ಬೇರೆ ಏನಿರಲು ಸಾಧ್ಯ? ಕಥೆಯಲ್ಲಿ ಹಗ್ಗ ಬರುವುದೇ ಹರಿಯಲು. "ಒಂದೊಂದೇ ಎಳೆ ಬಿಚ್ಚಿಕೊಂಡು, ಕತ್ತಲಲ್ಲಿ ಕಲ್ಲಿನಂತೆ ಪಂಜರ ಕೆಳಗೆ..." ನನಗೇ ಗೊತ್ತಿಲ್ಲದಂತೆ ಚೆಂದವಾಗಿ ಬರುತ್ತಿತ್ತು.

ಡ್ರೈವರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು.

"ಅಕ್ಕ," ಎಂದ ಅವನು ಮೆಲ್ಲಗೆ. "ನಮ್ಮನ್ನ ಸಾಯಿಸಿಬಿಟ್ರಲ್ಲ."

"ಇಲ್ಲ!" ತಮ್ಮ ಎಡಗೈಯಿಂದ ಮೇಜಿಗೆ ಗುದ್ದಿದ. ದಾಳಗಳು ಹಾರಿ ನೆಲಕ್ಕೆ ಉರುಳಿದವು. "ಇಲ್ಲ! ಇಲ್ಲ!" ಊರುಗೋಲಿಗೆ ತಡಕಾಡಿದ. ಕೊಡಲು ಹೋದ ನನ್ನ ಕೈ ತಳ್ಳಿ, ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಕರೆದರೂ ಬರಲಿಲ್ಲ.

ಮೇಷ್ಟ್ರೂ ಡ್ರೈವರೂ ಮೇಜಿನ ಕೆಳಗೆ ಬಗ್ಗಿ ದಾಳ ಆರಿಸಿದರು. ಹಲ್ಲಿನ ಡಾಕ್ಟರು ನನ್ನ ಜೊತೆ ಅಡುಗೆಮನೆಗೆ ಬಂದು ಲೋಟ ತೊಳೆಯತೊಡಗಿದರು.

"ಈ ಮೇಜಿಗೆ ಇರೋದು ಒಂದೇ ಕಾನೂನು. ನಾವು ಮೊದಲ ದಿನ ಮಾಡ್ಕೊಂಡಿದ್ದು. ಒಬ್ಬರ ಬಾಯಲ್ಲಿ ಇನ್ನೊಬ್ಬರು ಮಾತಾಡೋ ಹಾಗಿಲ್ಲ. ನಮ್ಮ ಡ್ರೈವರು ಒಂದು ಸಲ, ಅಜ್ಜಿ ಮಗಳನ್ನ ಕ್ಷಮಿಸೋದೋ ಬೇಡವೋ ಅಂತ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ. ನಾವು ಕೂತಿದ್ವಿ. ಒಂದು ಕೆಟಲ್ ಚಹಾ ಮುಗೀತು. ಮೇಸ್ತ್ರಿ ತುಟಿ ಪಿಟ್ಟೆನ್ನಲಿಲ್ಲ."

"ಅವನಿಗೆ ಆ ಪದ ಬರ್ತಾ ಇರಲಿಲ್ಲ. ನಾನು ಸಹಾಯ ಮಾಡಿದ್ದು."

"ಗೊತ್ತು. ಮೇಲಿಂದ ಕಲ್ಲು ಬೀಳಿಸ್ತಾನೆ, ಹಾವು ಬಿಡ್ತಾನೆ, ಏನು ಬೇಕಾದ್ರೂ ಮಾಡ್ತಾನೆ ನಿಮ್ಮ ತಮ್ಮ. ಆದ್ರೆ 'ನಿನಗೆ ಭಯ ಆಯ್ತು' ಅಂತ ಮಾತ್ರ ಒಂದು ದಿನಾನೂ ಹೇಳಿಲ್ಲ. ಭಯ ಪಡೋದು ಬಿಡೋದು ನಮ್ಮ ಕೆಲಸ ಅಂತಾನೆ. ಆ ಟೀವಿಯೋರು ಅದನ್ನ ಮಾಡ್ತಾರೆ ಅಂತಲೇ ಅವನಿಗೆ ಮೈಯೆಲ್ಲ ಉರಿ."

ನನ್ನ ಕೈಯ ಲೋಟ ಎರಡು ಸಲ ತೊಳೆದಿದ್ದೆ.

ದಾಳದ ವಿಷಯ ಅಲ್ಲವಂತೆ.

ಮಾರ್ಚ್ ೨೪, ಸೋಮವಾರ

ಬಾಗಿಲು ತೆರೆದ. ನನ್ನ ಮುಖ ನೋಡುತ್ತಿಲ್ಲ.

ಮಾರ್ಚ್ ೨೬, ಬುಧವಾರ

ಬೆಳಿಗ್ಗೆ ಲೋಟ ಮುಂದಿಟ್ಟಾಗ "ಅದು," ಎಂದ. ಚಹಾ ಎದುರಿಗೇ ಇದೆ. ಕೇಳಬೇಕೆಂದು ನಾಲಗೆಯ ತುದಿಗೆ ಹತ್ತು ಪದ ಬಂದವು: ಬಿಸಿಯಾ, ಬ್ರೆಡ್ಡಾ, ಮಾತ್ರೆಯಾ. ಕೈ ಕಟ್ಟಿಕೊಂಡು ಎದುರಿಗೆ ಕೂತೆ. ಚಹಾದ ಮೇಲೆ ಕೆನೆ ಕಟ್ಟಿತು. ಕೆಳಗೆ ಬೀದಿಯಲ್ಲಿ ಯಾರದೋ ಸ್ಕೂಟರು ಕೆಮ್ಮಿ ಕೆಮ್ಮಿ ಶುರುವಾಗಿ ಹೊರಟುಹೋಯಿತು. ಹೀಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟ! ಬೆನ್ನು ನೋಯುತ್ತದೆ.

"ಸಕ್ಕರೆ," ಎಂದ ಕೊನೆಗೆ.

ಎದ್ದು ಡಬ್ಬಿ ತರಲು ಹೊರಟವಳು ನಿಂತೆ. ಅವನಿನ್ನೂ ಮುಗಿಸಿರಲಿಲ್ಲ.

"ಸಕ್ಕರೆ... ಜಾಸ್ತಿ."

ಬಂದ ದಿನದಿಂದ ಎರಡೆರಡು ಚಮಚ ಹಾಕುತ್ತಿದ್ದೇನೆ. ಚಿಕ್ಕವನಿದ್ದಾಗ ಹಾಗೆ ಕುಡಿಯುತ್ತಿದ್ದ. "ಎಷ್ಟು ಹಾಕ್ಲಿ?" ಎಂದೆ. ಇದು ನಾನು ಕೇಳಿದ್ದು ಮೊದಲ ಸಲ ಎಂದಲ್ಲ, ಕೇಳಿರಬೇಕು. ತಲೆ ಅಲ್ಲಾಡಿಸಿದ. ಹಾಕಲೇಬಾರದಂತೆ.

"ಇಷ್ಟು ದಿನ ಹೆಂಗೆ ಕುಡಿದ್ಯೋ ಮಾರಾಯ ಆ ಪಾಯಸಾನ?"

ಎಡಭುಜ ಹಾರಿಸಿದ. ಬಾಯಿಯ ಒಂದು ತುದಿ ಎದ್ದಿತು.

ಏಪ್ರಿಲ್ ೪, ಶುಕ್ರವಾರ

ಟೀವಿ ಹಾಕಲೇ ಎಂದು ಕೇಳಿದೆ. ಹೂಂ ಎಂದ. ಮತ್ತೆ ಅದೇ ಮೇಣದಬತ್ತಿಯ ಮೇಜು. ಇಂದು ಕಳ್ಳನ ಪಾತ್ರದವನು ಗೆಳೆಯನ ಹೆಣದ ಮುಂದೆ ಕೂತಿದ್ದ. ನಿಜಕ್ಕೂ ಚೆನ್ನಾಗಿ ಆಡುತ್ತಿದ್ದ. ಏನೋ ಹೇಳಬೇಕೆಂದು ತುಟಿ ಅದುರುತ್ತಿತ್ತು. ಅಷ್ಟರಲ್ಲಿ ಕಥೆ ನಡೆಸುವವನು, "ನಿನ್ನ ಕಣ್ಣಿಂದ ನೀರು ಹರಿಯುತ್ತಿದೆ. ಸೇಡಿನ ಬೆಂಕಿ ನಿನ್ನೊಳಗೆ..." ಎಂದು ಶುರುಮಾಡಿದ.

"ಸುಳ್ಳು!" ಎಂದೆ ನಾನು.

ತಮ್ಮ ತಿರುಗಿ ನೋಡಿದ. ಇಬ್ಬರೂ ನಕ್ಕೆವು. ಅವನು ಯಾಕೆ ನಕ್ಕನೋ ನನಗೆ ತಿಳಿಯದು.

ಏಪ್ರಿಲ್ ೧೭, ಗುರುವಾರ

ಮುದ್ರಣಾಲಯದ ಮ್ಯಾನೇಜರ ಫೋನು. "ಮೇಡಂ, ರಜ ಇನ್ನೂ ಎಳೆಯೋಕಾಗಲ್ಲ. ನೀವಿಲ್ದೆ ಒಂದು ನಿಘಂಟು ಅಚ್ಚಾಗಿ ಬಂತು, ಅದನ್ನ ಅರ್ಥ ಮಾಡ್ಕೊಳ್ಳೋಕೆ ಇನ್ನೊಂದು ನಿಘಂಟು ಬೇಕು." ತಮ್ಮನ ಸ್ಥಿತಿ ಹೀಗಿದೆ, ಅವನು ಒಬ್ಬನೇ ಇರಲಾರ ಎಂದು ಹೇಳಲು ಹೊರಟೆ. ಅವನು ಎದುರಿಗೇ ಕೂತು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಕೇಳಿ ಹೇಳುತ್ತೇನೆ ಎಂದು ಫೋನಿಟ್ಟೆ.

ಇನ್ನೂ ಕೇಳಿಲ್ಲ. ಏನು ಹೇಳುತ್ತಾನೋ.

ಮೇ ೪, ಭಾನುವಾರ

ವಾರದ ನಡುವೆ ಅವನೇ ಮೂವರಿಗೂ ಫೋನು ಮಾಡಿದ. ನಾನು ನಂಬರು ಒತ್ತಿಕೊಟ್ಟೆ, ಅಷ್ಟೇ. ಒಬ್ಬೊಬ್ಬರಿಗೂ ಒಂದೇ ಮಾತು: "ಬಾ. ಭಾನುವಾರ." ಡ್ರೈವರಿಗೆ ಹೇಳುವಾಗ 'ಭಾನುವಾರ' ಬರಲು ತುಂಬ ಹೊತ್ತು ಹಿಡಿಯಿತು. ಫೋನಿನ ಆ ಕಡೆಯಿಂದ ಬಸ್ಸಿನ ಹಾರನ್ನುಗಳು ಕೇಳಿಸುತ್ತಿದ್ದವು. ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಗಾಡಿ ಬಿಡದೆ ನಿಂತಿದ್ದನಂತೆ ಮಹಾರಾಯ. ಪ್ರಯಾಣಿಕರೆಲ್ಲ ಬೈದರಂತೆ.

ಇವತ್ತು ಸಂಜೆ ನಾನು ಅಡುಗೆಮನೆಯಲ್ಲೇ ಇರುತ್ತೇನೆಂದು ಹೇಳಿದೆ. ತಮ್ಮ ತನ್ನೆದುರಿನ ಖಾಲಿ ಕುರ್ಚಿಯನ್ನು ಊರುಗೋಲಿನಿಂದ ತಳ್ಳಿ ತೋರಿಸಿದ. ಪಕ್ಕದ ಕುರ್ಚಿಯಲ್ಲ, ಎದುರಿನದು. ಕೂತೆ.

"ಮೇಸ್ತ್ರಿ, ಕೊನೇ ಸಲ ನಾವು ಸತ್ತಿದ್ವಿ," ಎಂದರು ಮೇಷ್ಟ್ರು. "ಅದು ಲೆಕ್ಕಕ್ಕಿದೆಯೋ ಇಲ್ವೋ?"

"ಇಲ್ಲ," ಎಂದ ತಮ್ಮ.

"ಸದ್ಯ! ಅಕ್ಕನ ಕೈಲಿ ಸತ್ತೋರು ಅಂತ ಹೆಸರಾಗ್ತಿತ್ತು," ಎಂದ ಡ್ರೈವರು. ನಾನೂ ನಕ್ಕೆ.

ಹಲ್ಲಿನ ಡಾಕ್ಟರು ಗಂಟಲು ಸರಿಮಾಡಿಕೊಂಡರು. ಅವರ ದನಿ ಕಿರಿದಾಯಿತು, ಚುರುಕಾಯಿತು, ಇನ್ಯಾರೋ ಆದರು. "ಪಂಜರದ ಸರಳು ಹಿಡ್ಕೊಂಡು ಮೇಲೆ ನೋಡ್ತೀನಿ. ಹಗ್ಗ ಏನಾಗಿದೆ?"

"ಹಗ್ಗ," ಎಂದ ತಮ್ಮ.



ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ, ಶಾಲೆಯಲ್ಲಿ ಹಾಗೆ ಕೂರಿಸುತ್ತಿದ್ದರು. ಅವನ ಮುಖ ಕೆಂಪಾಯಿತು, ತುಟಿ ಆಕಾರ ಹುಡುಕಿತು, ಬಿಟ್ಟಿತು, ಮತ್ತೆ ಹುಡುಕಿತು. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ಡ್ರೈವರು ಮೊಣಕಾಲ ಮೇಲೆ ಕೈಯಿಟ್ಟು, ಕೆಂಪು ದೀಪದ ಮುಂದೆ ನಿಂತವನಂತೆ, ಎಲ್ಲೋ ದೂರ ನೋಡುತ್ತಿದ್ದ. ಯಾರಿಗೂ ಅವಸರವಿಲ್ಲ. ಈ ಮೌನದಲ್ಲಿ ಕನಿಕರವೂ ಇರಲಿಲ್ಲ. ಇದು ಇವರ ಆಟದ ಒಂದು ಭಾಗ. ಅವನಿಗೆ ಕಾಯಿಲೆ ಬರುವ ಮೊದಲೂ ಹೀಗೆಯೇ ಕೂತಿದ್ದವರು.

"ಹಿ... ಹಿಡಿ..." ಎಂದ. ನಿಂತ. ಉಸಿರು ತೆಗೆದುಕೊಂಡ. "ಮೇಲೆ. ಯಾರೋ. ಹಿಡಿದಿ... ಹಿಡಿದಿದಾರೆ."

"ಅಯ್ಯೋ ದೇವರೇ," ಎಂದ ಡ್ರೈವರು. ಅಜ್ಜಿಯ ದನಿಯಲ್ಲೋ ತನ್ನದೇ ದನಿಯಲ್ಲೋ ಗೊತ್ತಾಗಲಿಲ್ಲ. "ಯಂತ್ರ ಕೆಟ್ಟಿದೆ. ಮೇಲೆ ಯಾರೋ ಬರಿಗೈಲಿ ಹಿಡ್ಕೊಂಡಿದಾರೆ! ಇಷ್ಟು ದಿನ!"

"ಯಾರು ಮೇಸ್ತ್ರಿ?" ಎಂದರು ಡಾಕ್ಟರು.

ತಮ್ಮ ಎಡಗೈ ಎತ್ತಿದ. ಬೆರಳು ನೇರ ನನ್ನ ಕಡೆ.

"ಅಕ್ಕ."

ನನಗೆ ಆಡಲು ಬರುವುದಿಲ್ಲ ಎನ್ನಬೇಕೆಂದಿದ್ದೆ. ಅವನು ಜೇನುಬಣ್ಣದ ದಾಳವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದ. ಅದು ಉರುಳುತ್ತ ಬಂದು ನನ್ನ ಲೋಟಕ್ಕೆ ತಾಗಿ ನಿಂತಿತು.

"ಅಕ್ಕ," ಎಂದ. "ಏನ್... ಮಾಡ್ತೀ?"

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಒಂದು ಪದವೂ ಸಿಗಲಿಲ್ಲ. ಇಷ್ಟು ಓದಿದ್ದೇನೆ, ಎಷ್ಟೋ ಜನರ ಅರ್ಧ ವಾಕ್ಯಗಳನ್ನು ಸರಿಮಾಡಿ ಅಚ್ಚಿಗೆ ಕಳಿಸಿದ್ದೇನೆ. ಬಾವಿಯ ಅಂಚಿನಲ್ಲಿ ಕಾಲೂರಿ ನಿಂತವಳು ನಾನು ಎಂದುಕೊಂಡೆ. ಅಂಗೈ ಸುಲಿದಿದೆ. ಕೆಳಗೆ ಕತ್ತಲಲ್ಲಿ ಜನ ಇದ್ದಾರೆ. ಮೇಲಕ್ಕೆ ಎಳೆದುಕೊಳ್ಳಬೇಕು, ಎಳೆದು ಗಟ್ಟಿ ನೆಲದ ಮೇಲೆ ನನ್ನ ಪಕ್ಕದಲ್ಲಿ ಕೂರಿಸಿಕೊಂಡುಬಿಡಬೇಕು ಎನಿಸಿತು. ಬಾಯಿಯವರೆಗೂ ಬಂತು. ಆದರೆ ಅಜ್ಜಿಯ ಮಗಳು ಇರುವುದು ಕೆಳಗೆ. ಇವರು ಹೊರಟಿದ್ದೇ ಕೆಳಕ್ಕೆ.

ಯಾರೂ ಮಾತಾಡಲಿಲ್ಲ. ಡ್ರೈವರು ಸಹ. ತಮ್ಮ ಗಲ್ಲಕ್ಕೆ ಕೈಯಿಟ್ಟು ಕೂತಿದ್ದ. ಎಷ್ಟು ಹೊತ್ತಾಯಿತೋ. ಯಾರೋ ನನಗಾಗಿ ಹೀಗೆ ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ.

"ಇಳಿಸ್ತೀನಿ," ಎಂದೆ. ನನ್ನ ದನಿಯೇ ಅಪರಿಚಿತವಾಗಿತ್ತು. "ಹಗ್ಗ... ಮೆಲ್ಲಗೆ ಬಿಡ್ತಾ ಹೋಗ್ತೀನಿ. ಕೈಬಿಡಲ್ಲ. ಇಳಿಸ್ತೀನಿ."

ತಮ್ಮ ದಾಳದ ಕಡೆ ಗದ್ದ ಎತ್ತಿದ. ಉರುಳಿಸಿದೆ. ಎಂಟು. ಇಪ್ಪತ್ತು ಮುಖದ ದಾಳಕ್ಕೆ ಚೆನ್ನಾದ ಗರ ಅಲ್ಲವಂತೆ, ತೀರ ಕೆಟ್ಟದ್ದೂ ಅಲ್ಲವಂತೆ. "ಜರ್ಕು ಹೊಡಿಯುತ್ತೆ ಅಕ್ಕ, ಆದ್ರೆ ಇಳಿಯುತ್ತೆ," ಎಂದ ಡ್ರೈವರು ಬಸ್ಸಿನ ವಿಷಯ ಹೇಳುವವನಂತೆ. ತಮ್ಮ ಕಣ್ಣು ಮುಚ್ಚಿ, ಲಿಫ್ಟಿನ ಗೋಡೆಗೆ ಕೈಯಿಟ್ಟು ಸದ್ದು ಕೇಳುವಾಗಿನ ಮುಖ ಮಾಡಿಕೊಂಡು, ಎಡಗೈಯನ್ನು ಗಾಳಿಯಲ್ಲಿ ತಡೆತಡೆದು ಕೆಳಗಿಳಿಸಿದ. ನಾವು ನಾಲ್ಕೂ ಜನ ಆ ಕೈಯನ್ನೇ ನೋಡುತ್ತಿದ್ದೆವು.

ಅವರು ಹೋದ ಮೇಲೆ ಮ್ಯಾನೇಜರ ವಿಷಯ ಕೇಳಿದೆ. ಲೋಟಗಳನ್ನು ಒಂದೊಂದಾಗಿ ಒಳಗೆ ಸಾಗಿಸುತ್ತಿದ್ದವನು ನಿಂತ. ನಾನೂ ನಿಂತೆ.

"ಹೋಗು," ಎಂದ. ಎರಡು ಲೋಟ ಒಳಗಿಟ್ಟು ಬಂದ. "ಭಾನುವಾರ... ಫೋನು."

ಜೂನ್ ೮, ಭಾನುವಾರ

ನನ್ನ ಮನೆ. ಸೂಟ್‌ಕೇಸು ಬಿಚ್ಚಿದಾಗ ಸೀರೆಯ ಮಡಿಕೆಯಲ್ಲಿ ಜೇನುಬಣ್ಣದ ದಾಳ ಸಿಕ್ಕಿತು. ನಾನು ಇಟ್ಟದ್ದಲ್ಲ. ಬೆಳಗಿನ ಹೊತ್ತು ಅವನಿಗೆ ನೆರವಾಗಲು ಒಬ್ಬರು ಬರುತ್ತಾರೆ, ಮೇಷ್ಟ್ರ ಮನೆ ಹಿಂದಿನ ಬೀದಿಯಲ್ಲೇ ಇದೆ. ಊಟ ಸರಿಯಾಗಿ ಮಾಡುತ್ತಾನೋ ಏನೋ.

ಸಂಜೆ ಹಾಲು ಕಾಯಲಿಟ್ಟಿದ್ದೆ. ಫೋನು ಬಂತು. ಅವನ ನಂಬರು. ಅಡುಗೆಮನೆಯ ಬಾಗಿಲಲ್ಲೇ ನಿಂತು ಕಿವಿಗೊತ್ತಿಕೊಂಡೆ. ಬಿಸ್ಕತ್ತಿನ ಪೊಟ್ಟಣ ಹರಿಯುವ ಸದ್ದು, ಯಾರೋ ಕುರ್ಚಿ ಎಳೆದದ್ದು, ಡ್ರೈವರ ಕೆಮ್ಮು. ಪಂಜರ ತಳ ಮುಟ್ಟಿದೆಯಂತೆ, ಮೇಷ್ಟ್ರು ದೂರದಿಂದ ಕೂಗಿ ಹೇಳಿದರು. ಆಮೇಲೆ ಎಲ್ಲ ಸದ್ದೂ ನಿಂತಿತು.

"ಅಕ್ಕ," ಎಂದ ತಮ್ಮ. "ಕೆಳಗೆ... ಒಂದು..."

ಬಾಗಿಲೋ, ದೀಪವೋ, ಹುಡುಗಿಯೋ. ತುಟಿ ಕಚ್ಚಿಕೊಂಡೆ. ಅವನ ಉಸಿರು ಕೇಳಿಸುತ್ತಿತ್ತು. ಹಿಂದೆ ಒಲೆಯ ಮೇಲೆ ಹಾಲು ಏರುವ ಸದ್ದು ಬಂತು, ಆಮೇಲೆ ಚುಂಯ್ ಎಂದು ಉಕ್ಕಿ ಸುರಿಯಿತು. ಸುಟ್ಟ ವಾಸನೆ.

ಕೈ ಚಾಚಿ ಒಲೆ ಆರಿಸಿದೆ. ಒರೆಸಲು ಹೋಗಲಿಲ್ಲ. ಫೋನು ಇನ್ನೂ ಕಿವಿಯಲ್ಲೇ ಇತ್ತು.